ಅಳತೆ ರವಿಕೆ ಹಳೆಯದಾದಾಗ

(ಧಾರವಾಡದ ಮಹಿಳಾ ಮಂಡಳವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ನನ್ನ ಅಂಗಡಿಗೆ ಬರುವ ನಲವತ್ತು ದಾಟಿದ ಹೆಣ್ಣುಮಕ್ಕಳ ಚೀಲದಲ್ಲಿ ಸಾಮಾನ್ಯವಾಗಿ ಎರಡು ಬಟ್ಟೆ ಇರುತ್ತವೆ. ಒಂದು ಹೊಸ ಬ್ಲೌಸ್ ಪೀಸು, ಇನ್ನೊಂದು ಅಳತೆ ರವಿಕೆ. ಆ ಅಳತೆ ರವಿಕೆ ಕೈಗೆ ಬಂದ ಕೂಡಲೇ ಅದರ ವಯಸ್ಸು ನನಗೆ ಗೊತ್ತಾಗುತ್ತದೆ. ಕಂಕುಳಲ್ಲಿ ಬಣ್ಣ ಹೋಗಿರುತ್ತದೆ, ಒಳಗಿನ ಮಾರ್ಜಿನ್ ಬಿಚ್ಚಿ ಬಿಚ್ಚಿ ಮುಗಿದಿರುತ್ತದೆ, ಹುಕ್ಕುಗಳು ಎರಡು ಸಲ ಜಾಗ ಬದಲಿಸಿರುತ್ತವೆ. ನಾನು ಟೇಪಿಗೆ ಕೈಹಾಕಿದರೆ, "ಅಳತಿ ತಗೋಬ್ಯಾಡ್ರಿ ಅಕ್ಕಾರ, ಇದರ ಮ್ಯಾಲೇ ಹೊಲೀರಿ. ಎರಡ್ ತಿಂಗಳದಾಗ ಇಳೀತೇನಿ" ಅನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ಹೊಲಿಯುತ್ತಿದ್ದೇನೆ. ವಾರಕ್ಕೊಮ್ಮೆಯಾದರೂ ಈ ಮಾತು ಕೇಳುತ್ತೇನೆ, ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯಾಕೆಂದರೆ ಆಕೆ ಹತ್ತು ವರ್ಷದ ಹಿಂದಿನ ತನ್ನ ಮೈಗೆ ಬಟ್ಟೆ ಹೊಲಿಸುತ್ತಿದ್ದಾಳೆ. ಈಗಿನ ಮೈ ಆ ಬಟ್ಟೆಯೊಳಗೆ ಉಸಿರು ಬಿಗಿಹಿಡಿದು ಬದುಕಬೇಕು.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ. ಈ ಗಾದೆ ಗೊತ್ತಿಲ್ಲದವರು ಇಲ್ಲಿ ಯಾರೂ ಇರಲಾರರು. ಊಟದಲ್ಲಿ ಎಷ್ಟರ ಮಟ್ಟಿಗೆ ನಮ್ಮ ಇಚ್ಛೆ ನಡೆಯಿತು ಎಂಬುದು ಬೇರೆ ಮಾತು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡವರು ನಾವು. ಆದರೆ ನೋಟದಲ್ಲಿ ಮಾತ್ರ ಈ ಗಾದೆ ಅಕ್ಷರಶಃ ನಡೆಯಿತು. ಲಂಗದ ಬಣ್ಣ ಅವ್ವ ಆರಿಸಿದಳು. ಮದುವೆಯಲ್ಲಿ ಉಡಬೇಕಾದ ಸೀರೆಗಳನ್ನು ಎರಡೂ ಕಡೆಯ ಹಿರಿಯರು ಕೂತು ಆರಿಸಿದರು. ಆಮೇಲೆ ಅತ್ತಿ ಮನೆಯ ಪದ್ಧತಿ, ಆಫೀಸಿನವರ ಕಣ್ಣು, ಓಣಿಯವರ ಮಾತು. ಈಗ ನಲವತ್ತೈದಕ್ಕೆ ಬಂದರೆ ಮಗಳು ಹೇಳುತ್ತಾಳೆ: "ಅವ್ವಾ, ಅದನ್ನ ಉಟ್ಕೊಂಡು ನಮ್ಮ ಕಾಲೇಜಿಗೆ ಬರಬ್ಯಾಡ." ನಾನು ನಿಮ್ಮ ಮುಂದೆ ಇಡಲು ಬಂದಿರುವ ಮಾತು ಇಷ್ಟೇ. ಈ ವಯಸ್ಸಿನಲ್ಲಿ ಮೈ ಬದಲಾಗಿ ಹಳೆಯ ಬಟ್ಟೆಗಳೆಲ್ಲ ಕೈಬಿಡುತ್ತವೆ. ಹೇಗೂ ಹೊಸದಾಗಿ ಅಳತೆ ಕೊಡಲೇಬೇಕು. ಕೊಡುವಾಗ ಈ ಒಂದು ಸಲ ನಮ್ಮ ಇಚ್ಛೆಯನ್ನೂ ಅಳೆದು ಕೊಡೋಣ.

ಮೊದಲು ಮೈಯ ಮಾತು ಮುಗಿಸುತ್ತೇನೆ. ನಾಚಿಕೆ ಬೇಡ, ಇಲ್ಲಿ ಎಲ್ಲ ಹೆಣ್ಣುಮಕ್ಕಳೇ ಇದ್ದೇವೆ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46-47. ಅದಕ್ಕೂ ಕೆಲವು ವರ್ಷ ಮೊದಲೇ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಏರಿಳಿತ ಶುರುವಾಗುತ್ತದೆ. ಆಗ ಕೊಬ್ಬು ತೊಡೆ, ಪಿರ್ರೆಗಳ ಬದಲು ಹೊಟ್ಟೆಯ ಸುತ್ತ ಕೂಡತೊಡಗುತ್ತದೆ. ತಕ್ಕಡಿಯಲ್ಲಿ ತೂಕ ಅಷ್ಟೇ ಇದ್ದರೂ ಲಂಗದ ಲಾಡಿ ಗಿಡ್ಡವಾಗುವುದು ಇದಕ್ಕೇ. ಡಾಕ್ಟರು ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. ದರ್ಜಿಯ ಟೇಪಿಗೆ ಕಾಣುವ ಬೇರೆ ಕೆಲವು ಸಂಗತಿಗಳಿವೆ. ಭುಜ ಸ್ವಲ್ಪ ಮುಂದಕ್ಕೆ ಬಾಗುತ್ತದೆ, ಬೆನ್ನು ಅಗಲವಾಗುತ್ತದೆ, ರಟ್ಟೆ ದಪ್ಪಗಾಗುತ್ತದೆ. ಭುಜದಿಂದ ಎದೆಯ ತುದಿವರೆಗಿನ ಅಳತೆಗೆ ನಾವು ಪಾಯಿಂಟ್ ಅನ್ನುತ್ತೇವೆ, ಅದು ಅರ್ಧದಿಂದ ಒಂದು ಇಂಚು ಕೆಳಗೆ ಇಳಿದಿರುತ್ತದೆ. ಅಳತೆ ರವಿಕೆ ನೋಡಿ ಹೊಲಿದರೆ ಡಾರ್ಟು, ಅಂದರೆ ಎದೆಯ ಆಕಾರ ಬರಲು ಬಟ್ಟೆ ಮಡಚಿ ಹಾಕುವ ಹೊಲಿಗೆ, ಹಳೆಯ ಜಾಗದಲ್ಲೇ ಕೂರುತ್ತದೆ. ಆಗ ಎದೆಯ ಮೇಲೆ ಬಟ್ಟೆ ಅಡ್ಡಡ್ಡ ಎಳೆಯುತ್ತದೆ, ನಡುವಿನ ಹುಕ್ಕು ಬಾಯಿ ಬಿಡುತ್ತದೆ. ನೀವು ಕನ್ನಡಿಯ ಮುಂದೆ ನಿಂತು "ನಾ ದಪ್ಪ ಆಗೇನಿ" ಅಂತ ನಿಮ್ಮನ್ನೇ ಬೈದುಕೊಳ್ಳುತ್ತೀರಿ. ತಪ್ಪು ಡಾರ್ಟಿನದು.

ಇನ್ನೊಂದು ಸಂಗತಿಯನ್ನು ಬಹಳ ಜನ ನಂಬುವುದಿಲ್ಲ. ಕಂಕುಳಲ್ಲಿ ಬಿಗಿಯಾದರೆ "ಇನ್ನಷ್ಟು ಕೆಳಗ ಕತ್ತರಸ್ರಿ" ಅನ್ನುತ್ತಾರೆ. ಕಂಕುಳ ಕೆಳಗಿಳಿದಷ್ಟೂ ಕೈ ಎತ್ತಿದಾಗ ಇಡೀ ರವಿಕೆ ಮೇಲೆ ಬರುತ್ತದೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರನ್ನು ನೋಡಿ, ಹೊಟ್ಟೆಯ ಹತ್ತಿರ ರವಿಕೆ ಎಳೆದೆಳೆದು ಸರಿಮಾಡಿಕೊಳ್ಳುತ್ತಲೇ ಇರುತ್ತಾರೆ. ಕಂಕುಳ ಮೇಲೇ ಇರಬೇಕು, ಸಡಿಲ ತೋಳಿನಲ್ಲಿರಬೇಕು, ಬೆನ್ನಿನ ಅಗಲ ಸರಿಯಾಗಿ ಸಿಗಬೇಕು. ಮತ್ತೆ ಒಳಗೆ ಎರಡೂ ಬದಿಗೆ ಒಂದೂವರೆ ಇಂಚು ಮಾರ್ಜಿನ್ ಬಿಡಲು ಹೇಳಿ. ಬಟ್ಟೆ ಸಾಲದು ಅಂತ ದರ್ಜಿ ಹೇಳಿದರೆ ಪೀಸು ಸ್ವಲ್ಪ ಹೆಚ್ಚು ತೆಗೆದುಕೊಳ್ಳಿ. ಎಂಬತ್ತು ಸೆಂಟಿಮೀಟರಿನ ಪೀಸು ಇಪ್ಪತ್ತೈದರ ಹುಡುಗಿಗೆ ಸಾಕು, ಮೊಣಕೈವರೆಗೆ ತೋಳು ಬೇಕೆನ್ನುವ ನಮಗೆ ಒಂದು ಮೀಟರ್ ಬೇಕು. ಅದರಲ್ಲಿ ಅವಮಾನ ಎಲ್ಲಿಂದ ಬಂತು?

ರೆಡಿಮೇಡ್ ತೆಗೆದುಕೊಳ್ಳುವವರಿಗೂ ಒಂದು ಮಾತು. ಕುರ್ತಾದ ಕೊರಳಪಟ್ಟಿಯಲ್ಲಿ ಎಕ್ಸ್ಎಲ್ ಅಂತಲೋ ಡಬಲ್ ಎಕ್ಸ್ಎಲ್ ಅಂತಲೋ ಇದ್ದರೆ ಕೆಲವರು ಅಳುವ ಹಾಗಾಗುತ್ತಾರೆ. ಆ ಅಕ್ಷರಗಳಿಗೆ ಒಂದು ಕಂಪನಿಯಲ್ಲಿ ಒಂದು ಅರ್ಥ, ಇನ್ನೊಂದರಲ್ಲಿ ಇನ್ನೊಂದು. ಬಹಳ ಕಾಲ ನಮ್ಮ ರೆಡಿಮೇಡ್ ಬಟ್ಟೆಗಳು ಅಮೆರಿಕ, ಇಂಗ್ಲೆಂಡಿನ ಅಳತೆ ಪಟ್ಟಿಯನ್ನೇ ಅಷ್ಟಿಷ್ಟು ತಿದ್ದಿ ಹೊಲಿದವು. ಭಾರತದವರ ಮೈಯಳತೆ ಏನು ಎಂದು ತಿಳಿಯಲು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, 25 ಸಾವಿರ ಜನರನ್ನು ಸ್ಕ್ಯಾನರಿನಿಂದ ಅಳೆಯುವ ಯೋಜನೆ ಕೈಗೆತ್ತಿಕೊಂಡದ್ದು ಈಚಿನ ವರ್ಷಗಳಲ್ಲಿ. ಅಂದರೆ ಇಷ್ಟು ದಿನ ನಮ್ಮ ಮೈ ಹೊಂದದೇ ಹೋದದ್ದು ನಮ್ಮನ್ನು ಅಳೆಯದೇ ಬರೆದ ಪಟ್ಟಿಗೆ.

ಈಗ ನನ್ನ ಮನೆಯ ಮಾತು. ನನ್ನ ಅಜ್ಜಿ ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಡುತ್ತಿದ್ದಳು. ಗದ್ದೆಯಲ್ಲಿ ಬಗ್ಗಿ ಏಳಲು, ಮೆಟ್ಟಿಲು ಹತ್ತಲು ಅದು ಒಳ್ಳೆಯ ಉಡುಪು. ಅವ್ವ ಆರು ಗಜಕ್ಕೆ ಬಂದಳು. ಮೊದಲ ಸಲ ಹಾಗೆ ಉಟ್ಟಾಗ, ಹಿರಿಯರ ಮುಂದೆ ಕಚ್ಚೆ ಬಿಟ್ಟಳು ಅಂತ ಮನೆಯಲ್ಲಿ ಎಂಟು ದಿನ ಮಾತು ನಡೆಯಿತಂತೆ. ನಾನು ಚೂಡಿದಾರ ಹಾಕಿ ಸ್ಕೂಟಿ ಏರಿದಾಗ ಅದೇ ಅವ್ವ ನನ್ನ ಜೊತೆ ಜಗಳಾಡಿದಳು. ಯಾವುದನ್ನು ಸಂಪ್ರದಾಯ ಅನ್ನೋಣ? ನೆರಿಗೆ ಮುಂದಿಟ್ಟು, ಒಳಗೆ ಲಂಗ, ಮೇಲೆ ಹೊಲಿದ ರವಿಕೆ ಎಂಬ ಈ ಜೋಡಿಯನ್ನು ಮಧ್ಯಮವರ್ಗದ ಹೆಣ್ಣುಮಕ್ಕಳ ನಡುವೆ ಹಬ್ಬಿಸಿದವರಲ್ಲಿ ಬಂಗಾಳದ ಜ್ಞಾನದಾನಂದಿನಿ ದೇವಿಯ (ಕವಿ ರವೀಂದ್ರನಾಥ ಠಾಕೂರರ ಅತ್ತಿಗೆ) ಹೆಸರು ಮುಖ್ಯವಾದದ್ದು. 1860ರ ದಶಕದಲ್ಲಿ ಮುಂಬಯಿಗೆ ಹೋದಾಗ ಪಾರ್ಸಿ ಹೆಂಗಸರು ಉಡುವುದನ್ನು ನೋಡಿ ಆಕೆ ಅದನ್ನು ತಮಗೆ ಬೇಕಾದಂತೆ ತಿದ್ದಿಕೊಂಡರು. ಮನೆಯಿಂದ ಹೊರಗೆ ನಾಲ್ಕು ಜನರ ನಡುವೆ ಓಡಾಡಲು ಒಪ್ಪುವ ಉಡುಪು ಆಕೆಗೆ ಬೇಕಿತ್ತು. ಕೊಡಗಿನವರು ನೆರಿಗೆಯನ್ನು ಹಿಂದಕ್ಕೆ ಇಟ್ಟುಕೊಂಡರು, ಅವರ ಬೆಟ್ಟದ ದಾರಿಗೆ ಅದೇ ಅನುಕೂಲ ಅನ್ನಿಸುತ್ತದೆ ನನಗೆ. ಬೇಕಾದ ಹಾಗೆ ತಿದ್ದಿಕೊಳ್ಳುವ ಹಕ್ಕು ಅವರಿಗೆಲ್ಲ ಇತ್ತು ಎಂದಮೇಲೆ ನಿಮಗೂ ಇದೆ.

ನನಗೆ ನಲವತ್ಮೂರರಲ್ಲಿ ಮೈ ಉರಿ ಶುರುವಾಯಿತು. ಅಂಗಡಿಗೆ ತಗಡಿನ ಮಾಡು. ಇಸ್ತ್ರಿ ಬೇಡ, ಒಗೆದರೆ ಬೇಗ ಒಣಗುತ್ತದೆ ಅಂತ ಹದಿನೈದು ವರ್ಷ ಪಾಲಿಯೆಸ್ಟರ್ ಸೀರೆ ಉಟ್ಟಿದ್ದೆ. ಮಧ್ಯಾಹ್ನ ಕತ್ತರಿ ಹಿಡಿದು ನಿಂತಾಗ ಇದ್ದಕ್ಕಿದ್ದಂತೆ ಎದೆಯಿಂದ ಕಿವಿಯವರೆಗೆ ಬೆಂಕಿ ಏರುವುದು, ಸೀರೆ ಬೆನ್ನಿಗೆ ಅಂಟುವುದು. ಒಂದು ದಿನ ತಡೆಯಲಾಗದೆ ಅಂಗಡಿ ಮುಚ್ಚಿ ಮನೆಗೆ ಬಂದೆ. ಅವ್ವನ ಟ್ರಂಕಿನಲ್ಲಿ ಆಕೆಯ ಇಳಕಲ್ ಸೀರೆಗಳಿದ್ದವು. ಆಕೆ ಹೋಗಿ ಎರಡು ವರ್ಷ ಆಗಿತ್ತು, ನಾನು ಮುಟ್ಟಿರಲಿಲ್ಲ. ದಾಳಿಂಬೆ ಬಣ್ಣದ್ದೊಂದು ತೆಗೆದು ಉಟ್ಟೆ. ಹಳೆಯ ನೂಲು, ಒಗೆದು ಒಗೆದು ಎಳೆಮಗುವಿನ ಚರ್ಮದ ಹಾಗೆ ಆಗಿತ್ತು. ಆ ಸಂಜೆ ನಾನು ಅತ್ತದ್ದು ಅವ್ವನ ನೆನಪಿಗೋ, ಮೈಗೆ ಸಿಕ್ಕ ತಂಪಿಗೋ ಇವತ್ತಿಗೂ ಬಿಡಿಸಿ ಹೇಳಲಾರೆ.

ಇಳಕಲ್ ಸೀರೆ ನಿಮ್ಮಲ್ಲಿ ಎಲ್ಲರ ಮನೆಯಲ್ಲೂ ಇದೆ. ಆದರೆ ಅದು ಹೇಗೆ ಕಟ್ಟಿದ್ದು ಅಂತ ನೋಡಿದ್ದೀರಾ? ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳಿಗೆ ಹಾಸು ಅನ್ನುತ್ತಾರೆ. ಹಳೆಯ ಪದ್ಧತಿಯ ಸೀರೆಯಲ್ಲಿ ಒಡಲಿನ ಹಾಸಿನ ಎಳೆ ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡೂ ಬೇರೆ ಬೇರೆ ಎಳೆ. ನೇಕಾರರು ಒಂದೊಂದು ಎಳೆಗೂ ಕುಣಿಕೆ ಹಾಕಿ ಅವನ್ನು ಜೋಡಿಸುತ್ತಾರೆ, ಅದಕ್ಕೆ ಕೊಂಡಿ ಅನ್ನುತ್ತಾರೆ. ಹೀಗಾಗಿ ಒಂದೇ ಉದ್ದ ಹಾಸಿನಲ್ಲಿ ಸಾಲಾಗಿ ಹತ್ತು ಸೀರೆ ನೇಯಲು ಬರುವುದಿಲ್ಲ, ಪ್ರತಿ ಸೀರೆಗೂ ಹೊಸದಾಗಿ ಹಾಸು ಹೂಡಬೇಕು. ಮೈಗೆ ತಾಕುವ ಭಾಗ ಹತ್ತಿ, ಭುಜದಿಂದ ಇಳಿದು ನಾಲ್ಕು ಜನಕ್ಕೆ ಕಾಣುವ ಭಾಗ ರೇಷ್ಮೆ. ಆ ಗಾದೆಗೆ ಬಾಗಲಕೋಟೆ ಕಡೆಯ ನೇಕಾರರು ಎಂದೋ ಉತ್ತರ ಕೊಟ್ಟುಬಿಟ್ಟಿದ್ದಾರೆ ಅನ್ನಿಸಿತು ನನಗೆ. ಒಡಲು ನನ್ನಿಚ್ಛೆ, ಸೆರಗು ಪರರಿಚ್ಛೆ. ಅವೆರಡೂ ಹರಿಯದ ಹಾಗೆ ನಡುವೆ ಕೊಂಡಿ. ಅಂದಿನಿಂದ ಯಾವ ಬಟ್ಟೆ ಕೊಂಡರೂ ಮೊದಲು ನೋಡುವುದು ಒಡಲನ್ನು. ಅಂಗಡಿಯಲ್ಲಿ ಸೆರಗು ಹರಡಿ ತೋರಿಸುತ್ತಾರೆ. ನೀವು ಸೆರಗು ಸರಿಸಿ ಒಡಲಿನ ಬಟ್ಟೆಯನ್ನು ಕೈಯಲ್ಲಿ ಹಿಡಿದು ಒಂದು ನಿಮಿಷ ಸುಮ್ಮನೆ ನಿಲ್ಲಿ, ಅಂಗೈಗೆ ಗೊತ್ತಾಗುತ್ತದೆ.

ಇಳಕಲ್ಲೇ ಉಡಿ ಅಂತ ನಾನು ಹೇಳುತ್ತಿಲ್ಲ. ಮುಟ್ಟಿ ನೋಡಿ ಕೊಳ್ಳಿ ಅನ್ನುತ್ತಿದ್ದೇನೆ. ಸಾಗರದ ಹತ್ತಿರ ಹೆಗ್ಗೋಡಿನ ಕಡೆ ಚರಕ ಎಂಬ ಸಹಕಾರ ಸಂಘದ ಹೆಣ್ಣುಮಕ್ಕಳು ಅಡಿಕೆ ಬೇಯಿಸಿದ ಚೊಗರಿನಲ್ಲಿ ಬಣ್ಣ ಹಾಕಿ ನೇಯುವ ಬಟ್ಟೆ ಇದೆ, ಕುರ್ತಾಕ್ಕೆ ಬಹಳ ಚೆನ್ನಾಗಿ ಒದಗುತ್ತದೆ. ಉಡುಪಿ ಸೀರೆ ಹಗುರ, ಸೆಕೆಗೆ ಹೇಳಿ ಮಾಡಿಸಿದ್ದು. ರೇಷ್ಮೆಯೇ ಬೇಕೆಂದರೆ ಮೈಸೂರಿನ ಕ್ರೇಪ್ ಇದೆ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆಯದು, ಉಬ್ಬದೆ ಮೈಮೇಲೆ ಇಳಿಬೀಳುತ್ತದೆ. ದಪ್ಪ ಜರಿಯ ಸೀರೆ ಉಟ್ಟು ಸೊಂಟ ದೊಡ್ಡದಾಗಿ ಕಂಡಿತು ಎಂದು ಕೊರಗುವವರು ಒಮ್ಮೆ ಅದನ್ನು ಉಟ್ಟು ನೋಡಬೇಕು.

ಬಣ್ಣದ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. "ಈ ವಯಸ್ಸಿಗೆ ಒಪ್ಪಂಗಿಲ್ರಿ" ಎಂಬ ಮಾತನ್ನು ಅಂಗಡಿಯವನು ಹೇಳುವ ಮೊದಲೇ ನಾವು ಹೇಳಿಕೊಂಡಿರುತ್ತೇವೆ. ನಲವತ್ತೈದು ಆಯಿತು ಅಂದರೆ ಬೂದಿ, ಕೆನೆ, ಕಂದು. ಕೂದಲು ಬೆಳ್ಳಗಾದ ಮೇಲೆ ಮುಖದ ಸುತ್ತಲಿನ ಬೆಳಕೇ ಬದಲಾಗಿರುತ್ತದೆ, ಆಗ ಕೆನೆ ಬಣ್ಣ ಉಟ್ಟರೆ ಮುಖ ಇನ್ನೂ ಬಿಳಿಚಿಕೊಂಡಂತೆ ಕಾಣುವವರು ಬಹಳ. ಒಂದು ಪರೀಕ್ಷೆ ಹೇಳುತ್ತೇನೆ. ಅಂಗಡಿಯ ದೀಪದ ಕೆಳಗೆ ಬಣ್ಣ ಆರಿಸಬೇಡಿ. ಬಟ್ಟೆ ತೆಗೆದುಕೊಂಡು ಬಾಗಿಲ ಹತ್ತಿರ ಬಿಸಿಲ ಬೆಳಕಿಗೆ ಬನ್ನಿ, ಗದ್ದದ ಕೆಳಗೆ ಹಿಡಿಯಿರಿ, ಜೊತೆಗಿದ್ದವರಿಗೆ ಬಟ್ಟೆ ನೋಡಬೇಡ, ನನ್ನ ಕಣ್ಣು ನೋಡು ಅನ್ನಿ. ಕಣ್ಣಿನ ಕೆಳಗಿನ ಕಪ್ಪು ಎದ್ದು ಕಂಡರೆ ಆ ಬಣ್ಣ ಬಿಡಿ. ಕಣ್ಣು ಹೊಳೆದರೆ ಅದು ನಿಮ್ಮದು, ಗಿಳಿ ಹಸಿರಾದರೂ ಸರಿ.

ಕೆಲವರಿಗೆ ಬಣ್ಣದ ನಿಷೇಧ ವಯಸ್ಸಿನಿಂದ ಬಂದದ್ದಲ್ಲ. ನನ್ನ ಗಿರಾಕಿಯೊಬ್ಬರು ಶಾಲಾ ಶಿಕ್ಷಕಿ, ನಲವತ್ತೇಳರಲ್ಲಿ ಗಂಡನನ್ನು ಕಳೆದುಕೊಂಡವರು. ವರ್ಷದ ಮೇಲೆ ಒಂದು ಬೂದಿ ಬಣ್ಣದ ಪೀಸು ತಂದು, "ಇದರ ಮ್ಯಾಲೆ ಕಸೂತಿ ಹಾಕಸ್ರಿ, ಬೂದಿ ದಾರದಾಗ" ಅಂದರು. ಕಸೂತಿ ಅಂದರೆ ನಿಮಗೆ ಹೇಳಬೇಕಿಲ್ಲ. ಗವಂತಿ, ಮುರ್ಗಿ, ನೇಗಿ, ಹೆಂತೆ ಎಂಬ ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ, ಅಚ್ಚು ಹಾಕಿಕೊಳ್ಳುವುದಿಲ್ಲ, ಗಂಟು ಬರಬಾರದು. ಅಷ್ಟು ಕಷ್ಟದ ಕೆಲಸವನ್ನು ಕಾಣದ ಬಣ್ಣದಲ್ಲಿ ಯಾಕೆ ಅಂದೆ. "ನನಗ ಗೊತ್ತಿದ್ರ ಸಾಕ್ರಿ, ಮಂದಿಗೆ ಕಾಣೂದು ಬ್ಯಾಡ" ಅಂದರು. ಹಾಕಿಸಿಕೊಟ್ಟೆ. ತೋಳಿನ ಮೇಲೆ ಒಂದು ಸಾಲು ಗೋಪುರ, ಬೂದಿಯ ಮೇಲೆ ಬೂದಿ. ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಾಣುವುದು. ಮರುವರ್ಷ ನೀಲಿ ಪೀಸು ತಂದು ಬಿಳಿ ದಾರ ಅಂದರು. ಅದರ ಮರುವರ್ಷ ಕಪ್ಪು ಪೀಸು, ಕೆಂಪು ದಾರ. ಅವತ್ತು ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಇಲ್ಲಿ ನೆನೆಯಬೇಕು. ಎಳವೆಯಲ್ಲೇ ವಿಧವೆಯಾದವರು, ಆ ಕಾಲದಲ್ಲೇ ಮರುಮದುವೆಯಾದವರು. 1903ರಲ್ಲಿ ಹುಟ್ಟಿದ ಅವರು ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾದದ್ದು 1952ರಲ್ಲಿ, ಅಂದರೆ ನಲವತ್ತೊಂಬತ್ತರ ಹೊತ್ತಿಗೆ, ಇಲ್ಲಿ ಕೂತಿರುವ ಬಹಳ ಜನರ ವಯಸ್ಸಿಗೆ. ಕೈಮಗ್ಗದ ಸೀರೆ ಉಟ್ಟ ಅವರ ಆ ಕಾಲದ, ಇಳಿವಯಸ್ಸಿನ ಫೋಟೊಗಳನ್ನು ಹುಡುಕಿ ನೋಡಿ. ಯಾರ ಅಪ್ಪಣೆಗೂ ಕಾಯದ ಮುಖ ಅದು.

ಸರಿ, ತನ್ನ ಇಚ್ಛೆ ಯಾವುದು ಅಂತಲೇ ಗೊತ್ತಿಲ್ಲದಿದ್ದರೆ? ಇದನ್ನು ಬಹಳ ಜನ ಕೇಳುತ್ತಾರೆ. ಮೂವತ್ತು ವರ್ಷ ಯಾರೂ ಕೇಳದ ಪ್ರಶ್ನೆಗೆ ಉತ್ತರ ಥಟ್ಟನೆ ಬರುವುದಿಲ್ಲ. ಪತ್ರಿಕೆಗಳಲ್ಲಿ ಹುಡುಕಬೇಡಿ, ನಿಮ್ಮ ಅಲ್ಮಾರಿಯಲ್ಲೇ ಇದೆ. ಹರಿಯುವವರೆಗೆ ಹಾಕಿದ ಐದು ಬಟ್ಟೆ ಹೊರಗೆ ತೆಗೆಯಿರಿ. ಚೆಂದದವು ಬೇಡ, ಹರಿದವು. ಮಂಚದ ಮೇಲೆ ಸಾಲಾಗಿ ಹಾಕಿ, ಅವುಗಳಲ್ಲಿ ಸಮನಾದದ್ದು ಏನು ನೋಡಿ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಹೀಗೆ ಮಾಡಿ ನನಗೆ ಫೋನು ಮಾಡಿದರು. ಐದಕ್ಕೂ ಮೊಣಕೈವರೆಗೆ ತೋಳು, ಐದೂ ನೀಲಿಯ ಒಂದಲ್ಲ ಒಂದು ಛಾಯೆ, ನಾಲ್ಕಕ್ಕೆ ಬಲಬದಿಗೆ ಜೇಬು. ಹದಿನೈದು ವರ್ಷದಿಂದ ಅವರ ಕೈ ಅದನ್ನೇ ಆರಿಸುತ್ತಿತ್ತು, ಅವರಿಗೆ ಮಾತ್ರ ಗೊತ್ತಿರಲಿಲ್ಲ. ಈಗ ಅವರ ಎಲ್ಲ ಕುರ್ತಾಕ್ಕೂ ಜೇಬು ಇಡುತ್ತೇನೆ, ಮೊಬೈಲು, ಕನ್ನಡಕ, ಕೀಲಿಕೈ ಎಲ್ಲ ಹಿಡಿಸುವಷ್ಟು ಆಳದ್ದು.

ಇನ್ನೊಂದು ಲೆಕ್ಕ ಹಾಕಿ. ಕಳೆದ ಏಳು ದಿನ ಯಾವ ಹೊತ್ತು ಎಲ್ಲಿ ಕಳೆದಿರಿ? ಅಲ್ಮಾರಿಯ ಮುಕ್ಕಾಲು ಜಾಗ ತಿನ್ನುವ ರೇಷ್ಮೆ ಸೀರೆಗಳು ವರ್ಷದಲ್ಲಿ ಎಂಟೋ ಹತ್ತೋ ದಿನದ ಮದುವೆ ಮುಂಜಿಗಳಿಗೆ. ನಮ್ಮ ಬದುಕಿನ ಹೆಚ್ಚು ಗಂಟೆಗಳು ಕಳೆಯುವುದು ನೈಟಿಯಲ್ಲಿ. ಎಲ್ಲಕ್ಕಿಂತ ಕಡಿಮೆ ದುಡ್ಡು ಹಾಕುವುದೂ ಅದಕ್ಕೇ. ಬಾಗಿಲು ಬಡಿದ ಶಬ್ದ ಕೇಳಿದರೆ ಹೆಗಲಿಗೊಂದು ಟವೆಲ್ ಹುಡುಕುತ್ತ ಓಡುತ್ತೇವೆ. ದಿನಕ್ಕೆ ಹತ್ತು ತಾಸು ತೊಡುವ ಬಟ್ಟೆ ಓಡಿ ಮುಚ್ಚಿಕೊಳ್ಳಬೇಕಾದ ಹಾಗೆ ಯಾಕಿರಬೇಕು? ಒಳ್ಳೆಯ ಕಾಟನ್ ತಂದು, ಎದೆಗೆ ಲೈನಿಂಗ್ ಕೊಡಿಸಿ, ಕಾಲು ತೊಡರದಷ್ಟು ಉದ್ದ ಇಡಿಸಿ ಮನೆಯ ಉಡುಪು ಹೊಲಿಸಿಕೊಳ್ಳಿ. ಹೊಸ ಶೈಲಿ ಎಲ್ಲಿಂದ ಶುರುಮಾಡಲಿ ಎಂದು ಕೇಳುವವರಿಗೆ ನಾನು ಹೇಳುವ ಮೊದಲ ಬಟ್ಟೆ ಇದು. ನೋಡುವ ಪರರು ಯಾರೂ ಇಲ್ಲದ ಹೊತ್ತಿನಲ್ಲಿ ನೀವು ಏನು ತೊಡುತ್ತೀರಿ ಎಂಬುದರಲ್ಲಿ ನಿಮ್ಮ ಇಚ್ಛೆ ಬೇಗ ಸಿಗುತ್ತದೆ.

ಹಳೆಯವನ್ನು ಏನು ಮಾಡುವುದು ಅಂತ ಹಿಂದಿನಿಂದ ಒಬ್ಬರು ಕೇಳುತ್ತಿದ್ದಾರೆ. ಸೀರೆಗೆ ಅಳತೆ ಇಲ್ಲ, ಅದು ಉಳಿಯುತ್ತದೆ, ರವಿಕೆ ಮಾತ್ರ ಬದಲಿಸಿ. ಹಳೆಯ ಸಾದಾ ಸೀರೆಗೆ ಗುಳೇದಗುಡ್ಡದ ಖಣದ ಕುಬಸ ಹೊಲಿಸಿದರೆ ಸೀರೆಯೇ ಹೊಸದಾಗುತ್ತದೆ, ಖರ್ಚೂ ಕಡಿಮೆ. ಬಿಗಿಯಾದ ಕುರ್ತಾಕ್ಕೆ ಬದಿಯಲ್ಲಿ ಬೇರೆ ಬಣ್ಣದ ಪಟ್ಟಿ ಸೇರಿಸಬಹುದು. ಇಳಿದ ಮೇಲೆ ಹಾಕಿಕೊಳ್ಳುತ್ತೇನೆ ಅಂತ ಎತ್ತಿಟ್ಟ ರವಿಕೆಗಳಿವೆಯಲ್ಲ, ಅವನ್ನು ಅಲ್ಮಾರಿಯಿಂದ ತೆಗೆಯಿರಿ. ಬಾಗಿಲು ತೆರೆದಾಗಲೆಲ್ಲ ಅವು ನಿಮ್ಮನ್ನು ಬೈಯುತ್ತವೆ. ಬಿಸಾಕಲು ಮನಸ್ಸು ಬಾರದಿದ್ದರೆ ಕೌದಿಗೆ ಹಾಕಿ. ಮೊದಲು ಹೇಳಿದೆನಲ್ಲ, ಎರಡು ತಿಂಗಳಲ್ಲಿ ಇಳಿಯುತ್ತೇನೆ ಎಂದವರು, ಅವರಲ್ಲಿ ಒಬ್ಬರು ಹೋದ ಶ್ರಾವಣದಲ್ಲಿ ಒಂಬತ್ತು ರವಿಕೆ ಬಿಚ್ಚಿಕೊಂಡು ಬಂದರು. ಅವರ ಓಣಿಯ ಅಜ್ಜಿಯೊಬ್ಬರು ಅವನ್ನೆಲ್ಲ ಚೌಕ ಚೌಕ ಜೋಡಿಸಿ ಕೌದಿ ಹೊಲಿದುಕೊಟ್ಟರು. ಮದುವೆಯ ಹಸಿರು, ಸೀಮಂತದ ಅರಿಶಿನ, ಮನೆ ತುಂಬಿದ ದಿನದ ನೇರಳೆ, ಎಲ್ಲ ಒಂದರ ಪಕ್ಕ ಒಂದು. ಈಗ ಅದನ್ನು ಹೊದ್ದು ಮಲಗುತ್ತಾರೆ, ಬಿಗಿಯೆನ್ನುವ ಮಾತೇ ಇಲ್ಲ.

ಟೇಪು ನನ್ನ ಚೀಲದಲ್ಲೇ ಇದೆ. ಚಹಾ ಆದ ಮೇಲೆ ಆ ಎಡಗಡೆಯ ಕೋಣೆಯ ಬಾಗಿಲು ಹಾಕಿಕೊಂಡು ಕೂತಿರುತ್ತೇನೆ. ಒಬ್ಬೊಬ್ಬರಾಗಿ ಬನ್ನಿ, ಹೊಸ ಅಳತೆ ತೆಗೆದು ಚೀಟಿಯಲ್ಲಿ ಬರೆದುಕೊಡುತ್ತೇನೆ. ನನ್ನ ಹತ್ತಿರವೇ ಹೊಲಿಸಬೇಕೆಂದೇನಿಲ್ಲ, ನಿಮ್ಮ ದರ್ಜಿಗೆ ಕೊಡಿ. ಅಳೆಯುವಾಗ ಮಾತ್ರ ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಉಸಿರು ಬಿಟ್ಟು ನಿಲ್ಲಿ.